ವಸತಿ ಇಲಾಖೆಯ ಕುರ್ಚಿಗಳು: ಸರ್ಕಾರ ಬದಲಾದಾಗ ಏಳುವವರು, ಉಳಿಯುವವರು

ಮಂಗಳೂರು, ಉಡುಪಿ ಕಡೆ ‘ನೈನ್ ಇಲೆವೆನ್’ ಎಂದರೆ ನ್ಯೂಯಾರ್ಕಿನ ಅವಳಿ ಗೋಪುರಗಳು ಯಾರಿಗೂ ನೆನಪಾಗುವುದಿಲ್ಲ. ನೆನಪಾಗುವುದು ಪಂಚಾಯತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು ನಮೂನೆ 11. ಐದು ಸೆಂಟ್ಸ್ ಜಾಗದಲ್ಲಿ ಒಂದು ಮನೆ ಕಟ್ಟಿಕೊಳ್ಳಬೇಕೆನ್ನುವವರಿಗೆ ಬ್ಯಾಂಕಿನ ಸಾಲಕ್ಕೂ ನೋಂದಣಿಗೂ ಈ ಎರಡು ಕಾಗದಗಳು ಬೇಕು. ಅದಕ್ಕೂ ಮೊದಲು ಏಕ ನಿವೇಶನದ ವಿನ್ಯಾಸ ನಕ್ಷೆಗೆ ಒಪ್ಪಿಗೆ ಸಿಗಬೇಕು. ಆ ಒಪ್ಪಿಗೆಗಾಗಿ ಪಂಚಾಯತಿಯಿಂದ ನಗರಾಭಿವೃದ್ಧಿ ಪ್ರಾಧಿಕಾರದ ತನಕ ಚಪ್ಪಲಿ ಸವೆಸಿದವರು ನಮ್ಮಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರು ಪ್ರಾಧಿಕಾರದ ಮೆಟ್ಟಿಲು ಹತ್ತುವ ಮುನ್ನ ಕಾನೂನಿನ ಕಲಂ ಯಾವುದೆಂದು ವಿಚಾರಿಸುವುದಿಲ್ಲ, ‘ಈಗ ಮುಡಾ ಅಧ್ಯಕ್ಷರು ಯಾರು?’ ಎಂದು ವಿಚಾರಿಸುತ್ತಾರೆ. (ಮುಡಾ ಎಂದರೆ ಇಲ್ಲಿ ಮಂಗಳೂರಿನ ಪ್ರಾಧಿಕಾರ, ಮೈಸೂರಿನದರ ಗಲಾಟೆಗೂ ಇದಕ್ಕೂ ಸಂಬಂಧವಿಲ್ಲ.)

ಹಾಗೆ ಓಡಾಡಿದ ಹಿರಿಯರೊಬ್ಬರು ನಮ್ಮ ನೆರೆಮನೆಯಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದ ಅವರು ಒಂದು ಸಂಜೆ ಕೇಳಿದರು: “ಅಲ್ಲಿ ಅಧ್ಯಕ್ಷ ಬದಲಾದರೆ ಮನೆ ಇಲಾಖೆಯ ಮೇಲಿನವರೆಲ್ಲ ಬದಲಾಗುತ್ತಾರಂತೆ, ಹೌದಾ ಮಾರಾಯ್ರೇ? ಹಾಗಾದರೆ ಅಲ್ಲಿ ಕೆಲಸ ಮಾಡುವುದು ಯಾರು?” ರಾಜಕೀಯ ನೇಮಕಾತಿ ಎಂಬ ಮಾತನ್ನು ನಾವು ಬಹುಮಟ್ಟಿಗೆ ಬೈಗುಳದಂತೆ ಬಳಸುವುದರಿಂದ ಅವರ ದನಿಯಲ್ಲಿ ಅಚ್ಚರಿಗಿಂತ ಅನುಮಾನವೇ ಹೆಚ್ಚಾಗಿತ್ತು. ಜನ ಆರಿಸಿದ ಸರ್ಕಾರ ತನ್ನ ನೀತಿಯನ್ನು ನಡೆಸಲು ತನ್ನ ನಂಬಿಕೆಯವರನ್ನು ಮೇಲೆ ಕೂರಿಸುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನೋಡಬೇಕಾದದ್ದು ಆ ಕುರ್ಚಿ ನೀತಿ ರೂಪಿಸುವ ಮೇಜಿನ ಮುಂದಿದೆಯೋ, ಇಂಥವರಿಗೆ ಮನೆ, ಇಂಥವರಿಗೆ ಇಲ್ಲ ಎಂದು ಷರಾ ಬರೆಯುವ ಕಡತದ ಮುಂದಿದೆಯೋ ಎಂಬುದನ್ನು.

ಮೊದಲು ಒಂದು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ಮುಖ್ಯಸ್ಥರನ್ನು ಅಲ್ಲಿ ಸೆಕ್ರೆಟರಿ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಅದನ್ನು ‘ವಸತಿ ಕಾರ್ಯದರ್ಶಿ’ ಎಂದು ಬರೆದುಬಿಡುತ್ತವೆ. ಕನ್ನಡದ ಓದುಗರಿಗೆ ಕಾರ್ಯದರ್ಶಿ ಎಂದರೆ ಐಎಎಸ್ ಅಧಿಕಾರಿ. ಹೀಗಾಗಿ ‘ಹೊಸ ಅಧ್ಯಕ್ಷರು ವಸತಿ ಕಾರ್ಯದರ್ಶಿಯನ್ನು ಬದಲಿಸಿದರು’ ಎಂದು ಓದಿದವರು, ಅಲ್ಲಿ ಅಧಿಕಾರಿಗಳನ್ನೇ ಕಿತ್ತುಹಾಕುತ್ತಾರೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಆ ಸೆಕ್ರೆಟರಿ ನಮ್ಮ ಕೇಂದ್ರ ಸಚಿವರಿಗೆ ಸಮಾನರು, ಸಂಪುಟದ ಸದಸ್ಯರು. ವ್ಯತ್ಯಾಸವೆಂದರೆ ಅವರು ಸಂಸತ್ತಿನ ಸದಸ್ಯರಾಗಿರುವುದಿಲ್ಲ, ಆಗಿರುವಂತೆಯೂ ಇಲ್ಲ. ಆದ್ದರಿಂದ ಈ ಲೇಖನದಲ್ಲಿ ಅವರನ್ನು ಸಚಿವರೆಂದೇ ಕರೆಯುತ್ತೇನೆ.

ಆ ಇಲಾಖೆ ಹುಟ್ಟಿದ್ದು 1965ರಲ್ಲಿ, ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ. ಮೊದಲ ಸಚಿವರಾದ ರಾಬರ್ಟ್ ವೀವರ್ ಅಮೆರಿಕದ ಸಂಪುಟ ಸೇರಿದ ಮೊದಲ ಕಪ್ಪು ವರ್ಣೀಯರೂ ಹೌದು. ಇಲಾಖೆಯಲ್ಲಿ ಸಾವಿರಾರು ಸಿಬ್ಬಂದಿಯಿದ್ದಾರೆ. ಅವರಲ್ಲಿ ಬಹುಪಾಲು ಜನ ಅಧ್ಯಕ್ಷರು ಯಾರೇ ಬರಲಿ ತಮ್ಮ ಮೇಜಿನಲ್ಲೇ ಇರುವ ಕಾಯಂ ನೌಕರರು. ಸರ್ಕಾರದೊಡನೆ ಬಂದು ಸರ್ಕಾರದೊಡನೆ ಹೋಗುವವರು ಮೇಲಿನ ಒಂದು ತೆಳುವಾದ ಪದರ ಮಾತ್ರ. ನೆರೆಯವರ ಎರಡನೆಯ ಪ್ರಶ್ನೆಗೆ ಇದೇ ಉತ್ತರ.

ಆ ತೆಳು ಪದರದಲ್ಲೂ ಮೂರು ಬಗೆಯವರಿದ್ದಾರೆ. ಅಧ್ಯಕ್ಷರು ಹೆಸರಿಸಿ ಅಲ್ಲಿಯ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿದ ಮೇಲೆ ಕೂರುವವರು ಮೊದಲನೆಯವರು. ಸಚಿವರು, ಉಪ ಸಚಿವರು, ಸಾಲ ವಿಮೆ, ಸಾರ್ವಜನಿಕ ವಸತಿ, ವಸತಿಯಲ್ಲಿ ತಾರತಮ್ಯ ತಡೆ ಮುಂತಾದ ವಿಭಾಗಗಳನ್ನು ನೋಡಿಕೊಳ್ಳುವ ಸಹಾಯಕ ಸಚಿವರು, ಮುಖ್ಯ ಕಾನೂನು ಸಲಹೆಗಾರರು, ಇಲಾಖೆಯೊಳಗಿನ ಅಕ್ರಮಗಳನ್ನು ತನಿಖೆ ಮಾಡುವ ಮಹಾ ತನಿಖಾಧಿಕಾರಿ (ಇವರು ಮಾತ್ರ ಸರ್ಕಾರ ಬದಲಾದರೂ ಸಾಮಾನ್ಯವಾಗಿ ಉಳಿಯುತ್ತಿದ್ದರು), ಇವರೆಲ್ಲ ಸೇರಿ ಒಂದು ಡಜನ್‌ನಷ್ಟು ಹುದ್ದೆಗಳು. ಹಿರಿಯ ಆಡಳಿತ ಸೇವೆಯಲ್ಲಿ ರಾಜಕೀಯ ನೆಲೆಯಿಂದ ಬರುವವರು ಎರಡನೆಯವರು. ಇವರಿಗೆ ಸೆನೆಟ್ ಒಪ್ಪಿಗೆ ಬೇಕಿಲ್ಲ, ಆದರೆ ಇಡೀ ಸರ್ಕಾರದಲ್ಲಿ ಆ ಸೇವೆಯ ಶೇ. 10ಕ್ಕಿಂತ ಹೆಚ್ಚು ಹುದ್ದೆಗಳನ್ನು ಹೀಗೆ ತುಂಬುವಂತಿಲ್ಲ ಎಂದು 1978ರ ಕಾನೂನು ಮಿತಿ ಹಾಕಿದೆ. ಇಲಾಖೆ ದೇಶವನ್ನು ಹತ್ತು ವಲಯಗಳಾಗಿ ವಿಂಗಡಿಸಿಕೊಂಡಿದ್ದು, ವಲಯ ಮುಖ್ಯಸ್ಥರ ಹುದ್ದೆಗಳೂ ಸಾಮಾನ್ಯವಾಗಿ ರಾಜಕೀಯ ನೇಮಕಾತಿಗೆ ಸೇರುತ್ತವೆ. ಮೂರನೆಯವರು ‘ಷೆಡ್ಯೂಲ್ ಸಿ’ ಎಂಬ ಪಟ್ಟಿಯಡಿ ಬರುವ ಆಪ್ತ ಸಹಾಯಕರು, ಭಾಷಣ ಬರೆಯುವವರು, ಸಲಹೆಗಾರರು. ಇವರ ಹೆಸರು ಪತ್ರಿಕೆಯಲ್ಲಿ ಬರುವುದು ಅಪರೂಪ. ಈ ಮೂರನೆಯವರನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಡೀ ಕೇಂದ್ರ ಸರ್ಕಾರದಲ್ಲಿ ಇಂಥ ರಾಜಕೀಯ ಹುದ್ದೆಗಳು ಸುಮಾರು 4,000. ಅವುಗಳಲ್ಲಿ ಸೆನೆಟ್ ಒಪ್ಪಿಗೆ ಬೇಕಾದವು 1,200ಕ್ಕೂ ಹೆಚ್ಚು. ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ ಈ ಹುದ್ದೆಗಳ ಪಟ್ಟಿ ಪ್ರಕಟವಾಗುತ್ತದೆ. 1952ರಲ್ಲಿ ಐಸೆನ್‌ಹೋವರ್ ಗೆದ್ದಾಗ ಅವರ ಪಕ್ಷ ಇಪ್ಪತ್ತು ವರ್ಷ ಶ್ವೇತಭವನದಿಂದ ಹೊರಗಿತ್ತು. ತಾವು ತುಂಬಬಹುದಾದ ಕುರ್ಚಿಗಳು ಯಾವುವು ಎಂಬುದೇ ಅವರಿಗೆ ತಿಳಿದಿರಲಿಲ್ಲ. ಆಗ ಸಿದ್ಧವಾದ ಪಟ್ಟಿಯೇ ಮುಂದೆ ಅಧ್ಯಕ್ಷೀಯ ಚುನಾವಣೆಗಳ ನಂತರ ಹೊರಬರುತ್ತಿದ್ದ ‘ಪ್ಲಮ್ ಬುಕ್’ ಆಯಿತು. ಹುದ್ದೆಯ ಹೆಸರು, ಅದರಲ್ಲಿರುವವರು, ನೇಮಕಾತಿಯ ಬಗೆ, ಸಂಬಳದ ಶ್ರೇಣಿ ಎಲ್ಲವೂ ಅದರಲ್ಲಿರುತ್ತವೆ. ಕೆಲಸ ಹುಡುಕುವವರಿಗೆ ಅದು ಹಣ್ಣಿನ ಮರದಂತೆ ಕಂಡರೂ, ಉಳಿದವರಿಗೆ ಯಾರು ಯಾರ ಕಡೆಯವರು ಎಂದು ತಿಳಿಯುವ ದಾರಿ.

ಇಂಥ ಗೆರೆ ಎಳೆಯಲು ಅವರಿಗೂ ಒಂದು ಸಾವು ಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಂಚೆ ಕಚೇರಿಯ ಗುಮಾಸ್ತನ ತನಕ ಎಲ್ಲ ಹುದ್ದೆಯೂ ಗೆದ್ದ ಪಕ್ಷದ ಪಾಲಾಗುತ್ತಿತ್ತು. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ ಚಾರ್ಲ್ಸ್ ಗಿಟೋ, ಚುನಾವಣೆಯಲ್ಲಿ ತಾನು ಮಾಡಿದ ಪ್ರಚಾರಕ್ಕೆ ಪ್ರತಿಯಾಗಿ ಪ್ಯಾರಿಸ್‌ನಲ್ಲಿ ಕಾನ್ಸುಲ್ (ವಾಣಿಜ್ಯ ದೂತ) ಹುದ್ದೆ ಸಿಗಬೇಕೆಂದು ಶ್ವೇತಭವನಕ್ಕೆ ಅಲೆದು ಸೋತ ಮನುಷ್ಯ. ಮುಂದೆ 1883ರ ಪೆಂಡಲ್‌ಟನ್ ಕಾಯಿದೆ ಪರೀಕ್ಷೆಯ ಮೂಲಕ ನೇಮಕಾತಿಯ ಪದ್ಧತಿಯನ್ನು ತಂದಿತು.

ಸೆನೆಟ್ ಒಪ್ಪಿಗೆಯ ಕ್ರಮ ಹೀಗಿದೆ. ಅಧ್ಯಕ್ಷರು ಹೆಸರನ್ನು ಕಳಿಸುತ್ತಾರೆ. ಅಭ್ಯರ್ಥಿ ತನ್ನ ಆಸ್ತಿ, ಸಾಲ, ಷೇರುಗಳ ವಿವರವನ್ನು ಬಹಿರಂಗಪಡಿಸಬೇಕು. ಹಿನ್ನೆಲೆಯ ತನಿಖೆ ನಡೆಯುತ್ತದೆ. ಬ್ಯಾಂಕಿಂಗ್, ವಸತಿ ಮತ್ತು ನಗರ ವ್ಯವಹಾರಗಳ ಸಮಿತಿಯ ಎದುರು ಕುಳಿತು ಬಹಿರಂಗವಾಗಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಕೊನೆಗೆ ಇಡೀ ಸದನದ ಮತ. ನರರೋಗ ಶಸ್ತ್ರವೈದ್ಯರಾಗಿ ಹೆಸರು ಮಾಡಿ, ಸರ್ಕಾರದಲ್ಲಿ ಯಾವ ಅನುಭವವೂ ಇಲ್ಲದಿದ್ದ ಬೆನ್ ಕಾರ್ಸನ್ 2017ರಲ್ಲಿ 58–41 ಮತಗಳಿಂದ ವಸತಿ ಸಚಿವರಾದರು. ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿ, ಬಳಿಕ ಟೆಕ್ಸಾಸ್‌ನಲ್ಲಿ ಶಾಸಕರಾಗಿದ್ದ ಸ್ಕಾಟ್ ಟರ್ನರ್ 2025ರ ಫೆಬ್ರುವರಿಯಲ್ಲಿ 55–44ರಿಂದ ಬಂದರು. ಇವರ ನಡುವೆ 2009ರಿಂದ 2014ರವರೆಗಿನ ಶಾನ್ ಡೊನೊವನ್ ಅವರನ್ನು ಇಟ್ಟು ನೋಡಬಹುದು. ವಾಸ್ತುಶಿಲ್ಪ ಓದಿ, ನ್ಯೂಯಾರ್ಕ್ ನಗರದ ವಸತಿ ಇಲಾಖೆಯನ್ನು ನಡೆಸಿ ಬಂದವರು ಅವರು. ಅಂದರೆ ಸೆನೆಟ್ ಕೇಳುವುದು ‘ಈ ವಿಷಯ ಬಲ್ಲಿರಾ?’ ಎಂದು ಮಾತ್ರವಲ್ಲ, ಬಹಳ ಸಲ ‘ನೀವು ಯಾರ ಕಡೆ?’ ಎಂದೂ ಹೌದು.

ಒಪ್ಪಿಗೆ ತಡವಾದರೆ ಹಂಗಾಮಿಗಳು ಕೂರುತ್ತಾರೆ. ವಸತಿ ಸಚಿವೆಯಾಗಿದ್ದ ಮಾರ್ಶಿಯಾ ಫಜ್ 2024ರ ಮಾರ್ಚ್‌ನಲ್ಲಿ ಹೊರನಡೆದ ಮೇಲೆ ಬೈಡನ್ ಸರ್ಕಾರ ಮುಗಿಯುವ ತನಕ ಉಪ ಸಚಿವೆ ಏಡ್ರಿಯಾನ್ ಟಾಡ್‌ಮನ್ ಅವರೇ ಇಲಾಖೆಯನ್ನು ನಡೆಸಿದರು.

ಇಷ್ಟೆಲ್ಲ ಕಾವಲಿರುವಾಗ ಅಲ್ಲಿ ಎಲ್ಲ ಸರಿಯಿರಬೇಕಲ್ಲ? ಇದೇ ವಸತಿ ಇಲಾಖೆಯಲ್ಲಿ 1980ರ ದಶಕದಲ್ಲಿ ನಡೆದ ಹಗರಣವನ್ನು ನೋಡಿದರೆ ಕಾವಲು ಯಾವ ಬಾಗಿಲಿಗಿತ್ತು, ಕಳ್ಳಗಿಂಡಿ ಎಲ್ಲಿತ್ತು ಎಂಬುದು ಗೊತ್ತಾಗುತ್ತದೆ. ರೇಗನ್ ಅವರ ಎಂಟು ವರ್ಷವೂ ಒಂದೇ ಇಲಾಖೆಯ ಸಚಿವರಾಗಿ ಉಳಿದವರು ಸ್ಯಾಮ್ಯುಯೆಲ್ ಪಿಯರ್ಸ್ ಒಬ್ಬರೇ. ಆಗ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸಿ ಬಡವರಿಗೆ ಬಾಡಿಗೆಗೆ ಕೊಡುವ ಮಾಲೀಕರಿಗೆ ಸಹಾಯಧನ ಕೊಡುವ ಯೋಜನೆಯೊಂದಿತ್ತು. ಮೊದಲು ಆ ಹಣ ಯಾವ ಪ್ರದೇಶಕ್ಕೆ ಎಷ್ಟು ಎಂಬುದು ಜನಸಂಖ್ಯೆ, ಬಡತನದಂಥ ಅಂಶಗಳನ್ನು ಹಿಡಿದ ಸೂತ್ರದಂತೆ ಹಂಚಿಕೆಯಾಗುತ್ತಿತ್ತು. 1984ರಲ್ಲಿ ಆ ಸೂತ್ರದಿಂದ ಯೋಜನೆಗೆ ವಿನಾಯಿತಿ ಸಿಕ್ಕಿತು. ಆ ಕ್ಷಣದಿಂದ ಯಾವ ಊರಿಗೆ, ಯಾವ ಗುತ್ತಿಗೆದಾರರ ಕಟ್ಟಡಕ್ಕೆ ಎಂಬುದು ವಾಷಿಂಗ್ಟನ್ನಿನ ಕೆಲವೇ ಜನರ ವಿವೇಚನೆಗೆ ಬಿಟ್ಟ ಸಂಗತಿಯಾಯಿತು.

ಆ ಕೆಲವೇ ಜನರಲ್ಲಿ ಸಚಿವರ ಕಾರ್ಯನಿರ್ವಾಹಕ ಸಹಾಯಕಿ ಡೆಬೊರಾ ಗೋರ್ ಡೀನ್ ಮುಖ್ಯರಾಗಿದ್ದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಚಿವರ ಆಪ್ತ ಕಾರ್ಯದರ್ಶಿ. ಯಾವ ಸಮಿತಿಯ ಎದುರೂ ಕೂರಬೇಕಾಗಿಲ್ಲದ ಹುದ್ದೆ. ಯಾರಿಗೆ ಅವರ ಬಳಿ ಬಳಕೆಯಿತ್ತೋ ಅಂಥ ಪಕ್ಷದ ಗಣ್ಯರನ್ನು ಗುತ್ತಿಗೆದಾರರು ‘ಸಲಹೆಗಾರ’ರನ್ನಾಗಿ ಇಟ್ಟುಕೊಳ್ಳತೊಡಗಿದರು. ಹಿಂದೆ ಆಂತರಿಕ (ಸರ್ಕಾರಿ ಜಮೀನು, ನೈಸರ್ಗಿಕ ಸಂಪತ್ತು ನೋಡಿಕೊಳ್ಳುವ) ಇಲಾಖೆಯ ಸಚಿವರಾಗಿದ್ದ ಜೇಮ್ಸ್ ವಾಟ್, ಮೇರಿಲ್ಯಾಂಡಿನ ಒಂದು ಯೋಜನೆಯ ಪರವಾಗಿ ಕೆಲವು ಫೋನ್ ಕರೆ ಮಾಡಿ, ಸಚಿವರನ್ನು ಒಮ್ಮೆ ಕಂಡು ಮಾತಾಡಿದ್ದಕ್ಕೆ 3 ಲಕ್ಷ ಡಾಲರ್ ಪಡೆದದ್ದು ಸಂಸತ್ತಿನ ವಿಚಾರಣೆಯಲ್ಲಿ ಹೊರಬಂತು. ವಸತಿ ಯೋಜನೆಗಳ ಬಗ್ಗೆ ವಾಟ್ ಅವರಿಗೆ ಹೇಳಿಕೊಳ್ಳುವಂಥ ತಿಳಿವಳಿಕೆಯೇನೂ ಇರಲಿಲ್ಲ. ಯಾರಿಗೆ ಫೋನ್ ಮಾಡಬೇಕೆಂಬುದು ಗೊತ್ತಿತ್ತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವಿವರ ಬೇರೆ. 1987ರಲ್ಲಿ ರೇಗನ್ ಇದೇ ಡೀನ್ ಅವರನ್ನು ಸಹಾಯಕ ಸಚಿವೆಯ ಹುದ್ದೆಗೆ ಹೆಸರಿಸಿದಾಗ ಸೆನೆಟ್ ಒಪ್ಪಿಗೆ ಕೊಡಲಿಲ್ಲ. ಕಾವಲುಗಾರ ಎಚ್ಚರವಾಗಿಯೇ ಇದ್ದ, ಬಂದವರನ್ನು ತಡೆದ. ಆದರೆ ತಡೆಯಲ್ಪಟ್ಟವರು ಆಗಲೇ ಮನೆಯೊಳಗಿದ್ದರು, ಸೆನೆಟ್ ನಿರಾಕರಿಸಿದ ದೊಡ್ಡ ಕುರ್ಚಿಗಿಂತ ಹೆಚ್ಚಿನ ಅಧಿಕಾರವನ್ನು ಚಿಕ್ಕ ಕುರ್ಚಿಯಲ್ಲಿ ಕುಳಿತೇ ನಡೆಸಿದ್ದರು. ಮೂರನೆಯ ಬಗೆಯವರನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಹುದ್ದೆಯ ಎತ್ತರಕ್ಕೆ ತಕ್ಕಂತೆ ಪರೀಕ್ಷೆಯನ್ನು ಬಿಗಿಗೊಳಿಸುವ ಪದ್ಧತಿ, ಕಡತಕ್ಕೆ ಹತ್ತಿರವಿರುವ ಗಿಡ್ಡ ಹುದ್ದೆಯನ್ನು ನೋಡದೆ ಬಿಡುತ್ತದೆ.

ಹಗರಣವನ್ನು ಬಯಲಿಗೆಳೆದದ್ದು ಇಲಾಖೆಯೊಳಗಿನ ಮಹಾ ತನಿಖಾಧಿಕಾರಿಯ ಕಚೇರಿ 1989ರಲ್ಲಿ ಕೊಟ್ಟ ವರದಿ. ವಿಶೇಷ ವಕೀಲರ ತನಿಖೆ ವರ್ಷಗಟ್ಟಲೆ ನಡೆದು ಹದಿನೇಳು ಮಂದಿಗೆ ಶಿಕ್ಷೆಯಾಯಿತು. ಡೀನ್ 1993ರಲ್ಲಿ ತಪ್ಪಿತಸ್ಥೆ ಎನಿಸಿಕೊಂಡರು. ಮೇಲ್ಮನವಿಯಲ್ಲಿ ಕೆಲವು ಆರೋಪಗಳು ಬಿದ್ದುಹೋದವು. ಪಿಯರ್ಸ್ ಮೇಲೆ ಮೊಕದ್ದಮೆ ಹೂಡಲಿಲ್ಲ. 1989ರ ಕೊನೆಯಲ್ಲಿ ಬಂದ ಸುಧಾರಣಾ ಕಾಯಿದೆ ನೇಮಕಾತಿಯ ಪದ್ಧತಿಯನ್ನು ಹೆಚ್ಚು ಮುಟ್ಟಲಿಲ್ಲ, ಹಣ ಹಂಚುವ ಪದ್ಧತಿಯನ್ನು ಕಟ್ಟಿಹಾಕಿತು: ಅರ್ಜಿ ಕರೆಯುವ ಮುನ್ನ ಮಾನದಂಡವನ್ನು ಪ್ರಕಟಿಸಬೇಕು, ಯಾರಿಗೆ ಸಿಗಲಿದೆ ಎಂಬ ಸುಳಿವನ್ನು ಮೊದಲೇ ಯಾರಿಗೂ ಕೊಡಕೂಡದು, ಮಧ್ಯಸ್ಥರ ಹಿತಾಸಕ್ತಿ ಬಹಿರಂಗವಾಗಬೇಕು. ಇದು ಜಾಣತನದ ದಾರಿ ಎಂದು ನನ್ನ ಅಭಿಪ್ರಾಯ. ಯಾರನ್ನು ಕೂರಿಸುತ್ತಾರೆಂಬುದನ್ನು ಪೂರ್ತಿ ತಡೆಯಲಾಗದಿದ್ದರೆ, ಕೂತವರ ಕೈಗೆ ಸಿಗುವ ವಿವೇಚನೆಯನ್ನಾದರೂ ಕಡಿಮೆ ಮಾಡಬಹುದು.

ಅಲ್ಲಿಯ ಗೆರೆಗಳು ಈಗ ಅಳಿಸುತ್ತಿವೆ. 2025ರ ಜನವರಿಯಲ್ಲಿ ಟ್ರಂಪ್, ವಸತಿ ಇಲಾಖೆಯವರೂ ಸೇರಿದಂತೆ ಹದಿನೈದಕ್ಕೂ ಹೆಚ್ಚು ಮಹಾ ತನಿಖಾಧಿಕಾರಿಗಳನ್ನು ಒಮ್ಮೆಗೇ ತೆಗೆದುಹಾಕಿದರು. ನೀತಿಗೆ ಸಂಬಂಧಿಸಿದ ಕೆಲಸ ಮಾಡುವ ಕಾಯಂ ನೌಕರರ ರಕ್ಷಣೆಯನ್ನು ಸಡಿಲಿಸಿ ಅವರನ್ನು ಬೇರೊಂದು ಪಟ್ಟಿಗೆ ಸೇರಿಸುವ ಆದೇಶವೂ ಅದೇ ತಿಂಗಳಲ್ಲಿ ಮರಳಿ ಬಂತು. ಸೆನೆಟ್ ಕೂಡ ಅದೇ ವರ್ಷ ನಿಯಮ ಬದಲಿಸಿ, ಸೆಪ್ಟೆಂಬರ್‌ನಲ್ಲಿ 48 ಹೆಸರುಗಳಿಗೆ ಒಂದೇ ಮತದಲ್ಲಿ ಒಪ್ಪಿಗೆ ಕೊಟ್ಟಿತು. ಒಬ್ಬೊಬ್ಬರನ್ನೇ ತೂಗಬೇಕಾದ ತಕ್ಕಡಿಯಲ್ಲಿ ಬುಟ್ಟಿಯನ್ನೇ ಇಟ್ಟು ತೂಗಿದ ಹಾಗೆ.

ಇನ್ನು ದೆಹಲಿ. ನಮ್ಮ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಈಗಿನ ರೂಪ ಪಡೆದದ್ದು 2017ರಲ್ಲಿ, ನಗರಾಭಿವೃದ್ಧಿ ಮತ್ತು ನಗರ ಬಡತನ ನಿವಾರಣೆಯ ಎರಡು ಸಚಿವಾಲಯಗಳು ಒಂದಾದಾಗ. ಅದಕ್ಕೂ ಮುನ್ನ 2014ರಿಂದ ಈ ಖಾತೆಗಳನ್ನು ನೋಡಿಕೊಂಡಿದ್ದ ವೆಂಕಯ್ಯ ನಾಯ್ಡು 2016ರ ತನಕ ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದವರು. ಇಲ್ಲಿ ಸರ್ಕಾರದೊಡನೆ ಬಂದು ಹೋಗುವವರು ಸಚಿವರು, ರಾಜ್ಯ ಸಚಿವರು ಮತ್ತು ಅವರ ಅವಧಿಯೊಡನೆ ಮುಗಿಯುವ ಕೆಲವು ಆಪ್ತ ಸಿಬ್ಬಂದಿ, ಇಷ್ಟೇ. ಕಾರ್ಯದರ್ಶಿಯಿಂದ ಕೆಳಗಿನವರು ಬಹುಮಟ್ಟಿಗೆ ಸೇವೆಯಿಂದ ಬಂದವರು. ಅವರನ್ನು ಕಿತ್ತುಹಾಕಲು ಸಂವಿಧಾನದ 311ನೆಯ ವಿಧಿ ಅಡ್ಡ ಬರುತ್ತದೆ, ಎತ್ತಂಗಡಿ ಮಾಡಲು ಏನೂ ಅಡ್ಡ ಬರುವುದಿಲ್ಲ. ರಾಜಕೀಯದ ಕೈ ಇಲ್ಲಿ ನೇಮಕಾತಿಗಿಂತ ವರ್ಗಾವಣೆಯಲ್ಲಿ ಹೆಚ್ಚು ಕಾಣುವುದು ಈ ಕಾರಣಕ್ಕೆ. ಕಾರ್ಯದರ್ಶಿಯನ್ನು ಆರಿಸುವುದು ಪ್ರಧಾನಿ ಮತ್ತು ಗೃಹ ಸಚಿವರಿರುವ ನೇಮಕಾತಿಗಳ ಸಂಪುಟ ಸಮಿತಿ. ಅದರ ಮುಂದೆ ಬಹಿರಂಗ ವಿಚಾರಣೆಯಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿ ಇಲಾಖೆಯ ಅನುದಾನದ ಬೇಡಿಕೆಯನ್ನು ಪರಿಶೀಲಿಸುತ್ತದೆ, ವ್ಯಕ್ತಿಯನ್ನಲ್ಲ.

ಹೊರಗಿನ ಪರಿಣತರನ್ನು ತರಲು ನಮಗೂ ದಾರಿಗಳಿವೆ. ವಿದೇಶಾಂಗ ಸೇವೆಯಿಂದ ನಿವೃತ್ತರಾಗಿದ್ದ ಹರದೀಪ್ ಸಿಂಗ್ ಪುರಿ 2017ರ ಸೆಪ್ಟೆಂಬರ್‌ನಲ್ಲಿ ಈ ಇಲಾಖೆಯ ಹೊಣೆ ಹೊತ್ತಾಗ ಯಾವ ಸದನದ ಸದಸ್ಯರೂ ಆಗಿರಲಿಲ್ಲ. 75ನೆಯ ವಿಧಿ ಕೊಡುವ ಆರು ತಿಂಗಳ ಅವಕಾಶದೊಳಗೆ ರಾಜ್ಯಸಭೆಗೆ ಬಂದರು. ಅಧಿಕಾರಿಗಳ ಹಂತದಲ್ಲಿ ಹೊರಗಿನಿಂದ ನೇರವಾಗಿ ತೆಗೆದುಕೊಳ್ಳುವ ಪದ್ಧತಿ 2018ರಲ್ಲಿ ಆರಂಭವಾಗಿ, 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳ ಜಾಹೀರಾತು ಮೀಸಲಾತಿಯ ಪ್ರಶ್ನೆಯೆದ್ದು ಕೆಲವೇ ದಿನಗಳಲ್ಲಿ ಹಿಂದೆ ಹೋಯಿತು.

ದೆಹಲಿಯ ಸಚಿವಾಲಯದಲ್ಲಿ ರಾಜಕೀಯದ ಪದರ ಇಷ್ಟು ತೆಳುವಾಗಿದೆಯೆಂದು ನಾವು ಬೀಗಬೇಕಾಗಿಲ್ಲ. ಜಮೀನು, ಸ್ಥಳೀಯ ಆಡಳಿತ ಎರಡೂ ರಾಜ್ಯದ ವಿಷಯಗಳಾದ್ದರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಣ ದೆಹಲಿಯಿಂದ ಬಂದರೂ ಫಲಾನುಭವಿಯ ಹೆಸರು ಬರೆಯುವುದು ಇಲ್ಲಿ. ಆ ಪದರ ದಪ್ಪವಾಗುವುದೂ ಇಲ್ಲಿಯೇ. 91ನೆಯ ತಿದ್ದುಪಡಿ ಸಚಿವರ ಸಂಖ್ಯೆಯನ್ನು ಸದನದ ಶೇ. 15ಕ್ಕೆ ಮಿತಿಗೊಳಿಸಿದ್ದರಿಂದ 224 ಸದಸ್ಯರ ಕರ್ನಾಟಕದಲ್ಲಿ 34 ಮಂದಿಗೆ ಮಾತ್ರ ಸಂಪುಟದಲ್ಲಿ ಜಾಗ. ಉಳಿದವರ ಮುನಿಸು ತಣಿಸಲು ನಿಗಮ, ಮಂಡಳಿಗಳು ಒದಗಿಬರುತ್ತವೆ. ಕರ್ನಾಟಕ ಗೃಹ ಮಂಡಳಿ, ಕೊಳೆಗೇರಿ ಅಭಿವೃದ್ಧಿ ಮಂಡಳಿಯಂಥವು ಆ ಸಾಲಿನವು. ಅದರ ಕೆಳಗಿನ ಮೆಟ್ಟಿಲಲ್ಲಿ 1987ರ ಕಾಯಿದೆಯಡಿಯ ನಗರಾಭಿವೃದ್ಧಿ ಪ್ರಾಧಿಕಾರಗಳು. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಪ್ರಾಧಿಕಾರದ ಅಧ್ಯಕ್ಷರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ, ಸರ್ಕಾರ ಬದಲಾದರೆ ಅವರು ಏಳುತ್ತಾರೆ, ಹೊಸಬರು ಬರುವ ತನಕ ಜಿಲ್ಲಾಧಿಕಾರಿಗಳು ಪ್ರಭಾರ ಹೊರುತ್ತಾರೆ. ಬೆಂಗಳೂರಿನಿಂದ ನೇಮಕದ ಪಟ್ಟಿ ಬರುವುದು ತಡವಾದಷ್ಟೂ ಊರಿನ ಕಾರ್ಯಕರ್ತರ ಪೈಪೋಟಿ ಹೆಚ್ಚುತ್ತದೆ.

ಆಯುಕ್ತರು, ನಗರ ಯೋಜಕರು ಸೇವೆಯ ಅಧಿಕಾರಿಗಳು; ಅವರ ಷರಾ ಇಲ್ಲದೆ ನಕ್ಷೆ ಮುಂದೆ ಹೋಗುವುದಿಲ್ಲ. ಆದರೆ ಬಡವರ ಮನೆ ಹಂಚಿಕೆಯಲ್ಲಿ ಪ್ರಾಧಿಕಾರಕ್ಕಿಂತ ಸೂಕ್ಷ್ಮವಾದದ್ದು ಆಶ್ರಯ ಸಮಿತಿ. ಶಾಸಕರು ಅದರ ಅಧ್ಯಕ್ಷರು. ಜತೆಗೆ ನಾಮನಿರ್ದೇಶಿತ ಸದಸ್ಯರು. ಪತ್ರಿಕೆಯಲ್ಲಿ ಅವರ ನೇಮಕಾತಿ ಒಂದು ಪ್ಯಾರಾ ಸುದ್ದಿ. ಪಟ್ಟಿಯಲ್ಲಿ ಹೆಸರು ಉಳಿಯಬೇಕೋ ಜಾರಬೇಕೋ ಎಂಬ ಮಾತು ನಡೆಯುವ ಮೇಜಿನ ಸುತ್ತ ಕೂರುವವರು ಅವರೇ. ವಾಷಿಂಗ್ಟನ್ನಿನ ಆ ಸಹಾಯಕಿಯ ಕುರ್ಚಿಗೆ ನಮ್ಮಲ್ಲಿ ಸಮನಾದದ್ದನ್ನು ಹುಡುಕುವವರು ದೆಹಲಿಗೆ ಹೋಗಬೇಕಾಗಿಲ್ಲ.

ಇದಕ್ಕೆ ತೀರ ಬೇರೆಯಾದ ಮಾದರಿಯೂ ವಸತಿ ಕ್ಷೇತ್ರದಲ್ಲೇ ಇದೆ. ಕಟ್ಟಡ ಕಂಪನಿಗಳು ಫ್ಲ್ಯಾಟ್ ಕೊಳ್ಳುವವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವಂತೆ ನೋಡುವ ರೇರಾ ಪ್ರಾಧಿಕಾರಕ್ಕೆ ಅಧ್ಯಕ್ಷರಾಗಬೇಕಾದರೆ 2016ರ ಕಾಯಿದೆಯಂತೆ ಕನಿಷ್ಠ ಇಪ್ಪತ್ತು ವರ್ಷಗಳ ಅನುಭವ ಬೇಕು. ಹೆಸರನ್ನು ಶಿಫಾರಸು ಮಾಡುವ ಸಮಿತಿಯಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದವರು, ವಸತಿ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಇರುತ್ತಾರೆ. ಅವಧಿ ಹೆಚ್ಚೆಂದರೆ ಐದು ವರ್ಷ. ಲಕ್ಷಗಟ್ಟಲೆ ಕೊಟ್ಟು ಫ್ಲ್ಯಾಟ್ ಕೊಳ್ಳುವವರ ದೂರನ್ನು ಕೇಳುವವರಿಗೆ ಇಷ್ಟು ಅರ್ಹತೆ ಕೇಳುವ ಕಾನೂನು, ಮೂರು ಸೆಂಟ್ಸ್‌ನ ಮನೆಗೆ ಕಾಯುವವರ ಪಟ್ಟಿ ತಿದ್ದುವವರಿಗೆ ಏನನ್ನೂ ಕೇಳುವುದಿಲ್ಲ.

ಪ್ಲಮ್ ಬುಕ್‌ನಂಥ ಪುಸ್ತಕ ನಮ್ಮಲ್ಲಿ ಇಲ್ಲವೇ ಎಂದು ನೆರೆಯವರು ಕೇಳಿದಾಗ ನಾನು ಇಲ್ಲವೆಂದೇ ಹೇಳಲಿದ್ದೆ, ಆಮೇಲೆ ನೆನಪಾಯಿತು. 2005ರ ಮಾಹಿತಿ ಹಕ್ಕು ಕಾಯಿದೆಯ 4(1)(ಬಿ) ಕಲಂ, ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಸಮಿತಿಗಳ ವಿವರವನ್ನು, ಅವುಗಳ ಸಭೆಗೆ ಜನ ಬರಬಹುದೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಒಂದೇ ಪುಸ್ತಕವಾಗಿ ಸಿಗಬೇಕಾದದ್ದು ಕಚೇರಿ ಕಚೇರಿಗೆ ಚೆದುರಿ ಬಿದ್ದಿದೆ, ಅಷ್ಟೆ. ಪ್ರಕಟಿಸದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಬೇಕು: ಆಶ್ರಯ ಸಮಿತಿಯ ಈಗಿನ ಸದಸ್ಯರು ಯಾರು, ಯಾವ ಆದೇಶದ ಮೇಲೆ ನೇಮಕವಾದರು, ಕಳೆದ ಸಭೆಯ ನಡಾವಳಿಯ ಪ್ರತಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು. ಈ ಮೂರು ಪ್ರಶ್ನೆಗಳನ್ನು ಅವರು ನನ್ನೆದುರೇ ಬರೆದರು; ಒಂದು ಹಾಳೆಯ ಅರ್ಧವೂ ತುಂಬಲಿಲ್ಲ.